ಮೂರು ದೋಷ, ಮೂರು ಬಾಟಲಿ

ನೀಲಿ ಪೆನ್ನು ಬರೆಯಲಿಲ್ಲ. ಆಗಿದ್ದು ಅಷ್ಟೇ. ಅದೊಂದು ನೆಟ್ಟಗೆ ಬರೆದಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ. ಅಂಗೈ ಮೇಲೆ ಗೀಚಿ ನೋಡಿ, ಊದಿ ನೋಡಿ, ಕೊನೆಗೆ ಹಡಗಮ್ಮ ಮೇಜಿನ ಖಾನೆಯಲ್ಲಿ ಕೈಗೆ ಸಿಕ್ಕ ಕೆಂಪು ಪೆನ್ನನ್ನೇ ತೆಗೆದುಕೊಂಡಳು.

ಹಡಗಮ್ಮ ಎನ್ನುವುದು ಕಟ್ಟಡದವರು ಅವಳಿಗೆ ಇಟ್ಟ ಹೆಸರು. ಎಂಟು ವರ್ಷ ಬ್ಯೂಟಿ ಪಾರ್ಲರಿನಲ್ಲಿ ಕಂಡವರ ಹುಬ್ಬು ತಿದ್ದಿ ತಿದ್ದಿ ಸಾಕಾಗಿ, ಆರು ತಿಂಗಳ ಹಿಂದೆ ಆ ಕೆಲಸ ಬಿಟ್ಟು, ಪ್ರವಾಸಿ ಹಡಗುಗಳ ಸ್ಪಾಗಳಿಗೆ ಥೆರಪಿಸ್ಟ್‌ಗಳನ್ನು ತಯಾರು ಮಾಡುವ ತರಬೇತಿ ಕೇಂದ್ರಕ್ಕೆ ಸೇರಿದ್ದಳು. ಹಡಗನ್ನು ಅವಳು ಕಂಡಿದ್ದು ಕೇಂದ್ರದ ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಮಾತ್ರ. ಆಯ್ಕೆ ಪರೀಕ್ಷೆ ಇವತ್ತು ಮಧ್ಯಾಹ್ನ ಮೂರಕ್ಕೆ. ಹಡಗಿನ ಕಂಪನಿಯ ಮೇಡಂ ವರ್ಷಕ್ಕೊಮ್ಮೆ ಬರುವವರು, ಮೂವತ್ತು ತುಂಬಿದವರನ್ನು ಕಣ್ಣೆತ್ತಿಯೂ ನೋಡದವರು. ಹಡಗಮ್ಮನಿಗೆ ಮೂವತ್ತು ತುಂಬುವುದಕ್ಕೆ ಉಳಿದಿದ್ದು ಹತ್ತೊಂಬತ್ತೇ ದಿನ. ಪಾರ್ಲರಿನಲ್ಲಿ ಅವಳ ಜಾಗದಲ್ಲಿ ಆಗಲೇ ಬೇರೆ ಹುಡುಗಿ ದಾರ ಹಿಡಿದು ನಿಂತಾಗಿತ್ತು. ಅಂದರೆ ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಅವಳ ಕೈಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರೆಲ್ಲ ಬಾಯಿಯದು. ತರಬೇತಿ ಕೊಡುವ ಮಾಸ್ತರರು, ಹದಿನಾಲ್ಕು ವರ್ಷ ಹಡಗಿನಲ್ಲಿ ಬೆನ್ನು ತಿಕ್ಕಿ ಬಂದವರು, ದಿನಾ ತಲೆ ಚಚ್ಚಿಕೊಳ್ಳುತ್ತಿದ್ದರು.

"ಎಷ್ಟು ಸಲ ಹೇಳ್ಲಮ್ಮಾ? ಮಸಾಜು ಬರೀ ನೆಪ. ಹಡಗಿನವರಿಗೆ ಬೇಕಾಗಿರೋದು ಬಾಟಲಿ ಮಾರೋರು. ಮೈ ಮುಟ್ಟಿದ ಮೇಲೆ ಮೂರು ದೋಷ ಹೇಳ್ಬೇಕು, ಮೂರು ಬಾಟಲಿ ಕೊಡ್ಬೇಕು. ಅಷ್ಟೇ ವಿದ್ಯೆ!"

"ದೋಷ ಇಲ್ಲದೇ ಇದ್ರೆ ಸಾರ್?"

"ದೋಷ ಇಲ್ಲದ ಮೈ ಭೂಮಿ ಮೇಲೇ ಇಲ್ಲ, ಇನ್ನು ಸಮುದ್ರದ ಮೇಲೆ ಎಲ್ಲಿಂದ ಬರುತ್ತೆ? ನಿನ್ನ ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲ, ಮೊದಲು ಅದನ್ನ ತೆಗಿ!"

ಬೀಗ ತೆಗೆಯುವುದಕ್ಕೆಂದೇ ಮಾಸ್ತರರು ಕೊನೆಯ ಮನೆಪಾಠ ಕೊಟ್ಟಿದ್ದರು. ಪರಿಚಯದ ಯಾರಿಗಾದರೂ ಮಸಾಜ್ ಮಾಡಿ, ದೋಷಗಳನ್ನು ಹೇಳಿ, ಸಲಹಾ ಪತ್ರ ತುಂಬಿಸಿ, ಅವರ ಸಹಿ ಹಾಕಿಸಿಕೊಂಡು ಬರಬೇಕು. ಮನೆಯವರ ಸಹಿ ನಡೆಯುವುದಿಲ್ಲ. ಪತ್ರವಿಲ್ಲದೆ ಪರೀಕ್ಷೆಯೂ ಇಲ್ಲ. ಹದಿನೈದು ದಿನದಿಂದ ನಾಳೆ, ನಾಳೆ ಎಂದು ತಳ್ಳಿಕೊಂಡು ಬಂದ ಹಡಗಮ್ಮನಿಗೆ ಇನ್ನು ತಳ್ಳುವುದಕ್ಕೆ ನಾಳೆ ಉಳಿದಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಎದುರುಮನೆ ಆಂಟಿ ಏಣಿ ಕೇಳಿಕೊಂಡು ಬಂದರು. ಹಡಗಮ್ಮ ಏಣಿ ಕೊಡಲಿಲ್ಲ, ಕೈ ಹಿಡಿದು ಒಳಗೆ ಎಳೆದುಕೊಂಡಳು.

"ಆಂಟಿ, ಅರ್ಧ ಗಂಟೆ ಮಲಗ್ತೀರಾ?"

"ಬೆಳಿಗ್ಗೆ ಬೆಳಿಗ್ಗೆ ಯಾರಾದ್ರೂ ಮಲಗ್ತಾರೇನೇ?" ಎನ್ನುತ್ತಲೇ ಆಂಟಿ ಊಟದ ಮೇಜಿನ ಮೇಲೆ ಹಾಸಿದ ಬೆಡ್‌ಶೀಟಿನ ಮೇಲೆ ಮಲಗಿಬಿಟ್ಟರು. ಬಿಟ್ಟಿ ಮಸಾಜ್ ಬೇಡ ಅನ್ನುವವರು ಯಾರಿದ್ದಾರೆ ಹೇಳಿ. ಹತ್ತು ನಿಮಿಷಕ್ಕೆ ಆಂಟಿ "ಹಾ, ಅಲ್ಲೇ, ಅಲ್ಲೇ ಕಣೇ" ಎಂದರು. ಇಪ್ಪತ್ತು ನಿಮಿಷಕ್ಕೆ ತಮ್ಮ ಸೊಸೆಯನ್ನೂ ಕ್ಷಮಿಸಿದರು. ಅಷ್ಟು ಹಾಯಾಗಿತ್ತು.

ಇನ್ನು ಬಾಯಿಯ ಕೆಲಸ. ಹಡಗಮ್ಮ ಕೇಂದ್ರದ ಪುಸ್ತಕದಲ್ಲಿ ಇದ್ದಿದ್ದನ್ನು ಇದ್ದ ಹಾಗೇ ಮಾಡಿದಳು. ಅತಿಥಿಯ ಕೈ ಹಿಡಿಯಬೇಕು, ಹಿಡಿದಳು. ದನಿ ತಗ್ಗಿಸಬೇಕು, ತಗ್ಗಿಸಿದಳು. ಕಣ್ಣಲ್ಲಿ ಕಣ್ಣಿಟ್ಟು ಐದು ಎಣಿಸಬೇಕು. ಅವಳು ಗಾಬರಿಯಲ್ಲಿ ಹನ್ನೆರಡು ಎಣಿಸಿದಳು. ಆಮೇಲೆ ಪುಸ್ತಕದ ಮೊದಲನೆಯ ವಾಕ್ಯ ಒಪ್ಪಿಸಿದಳು.

"ಆಂಟಿ... ನಿಮಗೆ ಇದುವರೆಗೂ ಯಾರೂ ಹೇಳ್ಲಿಲ್ವಾ?"

ಆಂಟಿ ದಡಕ್ಕನೆ ಎದ್ದು ಕೂತರು. "ಏನನ್ನೇ?"

"ಎಡಗಡೆ ಬೆನ್ನಲ್ಲಿ ರಕ್ತದ ಓಡಾಟ ಕಮ್ಮಿಯಾಗಿದೆ." ಪತ್ರದ ಮೇಲೆ ಮೈಯ ಚಿತ್ರ ಅಚ್ಚು ಹಾಕಿತ್ತು. ಹಡಗಮ್ಮ ಅದರ ಬೆನ್ನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಕತ್ತರಿ ಗುರುತು ಹಾಕಿದಳು. "ಕಾಲಲ್ಲಿ ನೀರು ನಿಂತಿದೆ." ಇನ್ನೊಂದು ಗುರುತು. "ಚರ್ಮ ಒಳಗಿಂದ ಒಣಗ್ತಾ ಬರ್ತಿದೆ." ಮೂರನೆಯದು.

"ಅಯ್ಯೋ! ಇದಕ್ಕೆ ಔಷಧಿ ಇಲ್ವೇನೇ?"

"ಇದೆ ಆಂಟಿ, ಮೂರು ಬಾಟಲಿ. ಆದ್ರೆ ಅದು ಹಡಗಲ್ಲಿ ಮಾತ್ರ ಸಿಗೋದು."

"ನಾನು ಹಡಗು ಹತ್ತೋದ್ಯಾವಾಗ, ಬಾಟಲಿ ತರೋದ್ಯಾವಾಗ, ಉಳಿಯೋದ್ಯಾವಾಗ!"

"ಇಲ್ಲೊಂದು ಸಹಿ ಹಾಕಿ ಆಂಟಿ. ಮೇಲೆ ಹೇಳಿದ್ದೆಲ್ಲ ನನಗೆ ತಿಳಿದಿದೆ ಅಂತ."

ಸಹಿ ಎಂದಿದ್ದೇ ತಪ್ಪಾಯಿತು. ಆಂಟಿ ಮೇಜಿನಿಂದ ಇಳಿದರು. ಆಪರೇಷನ್ನಿಗೆ ಮುಂಚೆ ಇಂಥದೇ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಅವರು ಆಸ್ಪತ್ರೆಯಲ್ಲಿ ನೋಡಿದ್ದರು. "ಇದಕ್ಕೆಲ್ಲ ಮನೆಯವರೇ ಸಹಿ ಹಾಕೋದು" ಎಂದು ಪತ್ರ ಕಿತ್ತುಕೊಂಡು, ಗೋಡೆ ಹಿಡಿದು ಹಿಡಿದು ತಮ್ಮ ಮನೆಗೆ ನಡೆದರು. ಬರುವಾಗ ದಡದಡ ಬಂದಿದ್ದವರು ಹೋಗುವಾಗ ಎರಡು ಕಡೆ ಕೂತು ಸುಧಾರಿಸಿಕೊಂಡರು.

ಆಂಟಿಯ ಗಂಡ ಕನ್ನಡಕ ಹಾಕಿಕೊಂಡು ಪತ್ರ ನೋಡಿದರು. ಮನುಷ್ಯರ ಮೈಯ ಚಿತ್ರ. ಅದರ ಮೇಲೆ ಮೂರು ಕೆಂಪು ಗುರುತು. ಕೆಳಗೆ ಸಹಿಗೆ ಜಾಗ. ಅವರು ಕನ್ನಡಕ ತೆಗೆದು ಮೆಟ್ಟಿಲ ಮೇಲೆ ಕುಸಿದು ಕೂತರು.

"ನನಗಿಂತ ಮುಂಚೆ ಇವಳು ಹೊರಡ್ತಾಳೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ನಲವತ್ತು ವರ್ಷ ಆಯ್ತು, ಸಕ್ಕರೆ ಡಬ್ಬಿ ಯಾವುದು ಅಂತಾನೂ ನಂಗೆ ಗೊತ್ತಿಲ್ಲ!"

ಆ ಗೋಳಿಗೆ ಮೂರೂ ಮಹಡಿಯ ಬಾಗಿಲು ತೆರೆದವು. ಎಲ್ಲರಿಗಿಂತ ಮೊದಲು ಓಡಿ ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿ. ಯಾರ ಮನೆಯ ಕುಕ್ಕರ್ ಕೂಗಿದರೂ ಸಭೆ ಕರೆಯುವ ಮನುಷ್ಯ. ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮಾ ಹಡಗಮ್ಮ, ಇದು ನಿಜಾನಾ?"

ಪತ್ರಕ್ಕೋಸ್ಕರ ಹಿಂದೆಯೇ ಬಂದಿದ್ದ ಹಡಗಮ್ಮ ಎಣ್ಣೆಗೈ ಆಡಿಸಿದಳು. "ಅಯ್ಯೋ, ಹೆದರೋಂಥದ್ದೇನಿಲ್ಲ ಸಾರ್! ಇದೇನು ಆಂಟಿ ಒಬ್ಬರಿಗೇ ಅಲ್ಲ. ಎಲ್ಲರಿಗೂ ಇದನ್ನೇ ಹೇಳೋದು!"

"ಎಲ್ಲರಿಗೂ?"

ಎರಡನೆಯ ಮಹಡಿಯ ಟೈಲರ್ ತಮ್ಮ ಕಾಲು ನೋಡಿಕೊಂಡರು. ಅವರು ನೋಡಿಕೊಂಡಿದ್ದನ್ನು ನೋಡಿ ಮಿಕ್ಕವರೂ ನೋಡಿಕೊಂಡರು. ನಿನ್ನೆಯ ತನಕ ನೆಟ್ಟಗಿದ್ದ ಕಾಲುಗಳೆಲ್ಲ ನೋಡನೋಡುತ್ತಲೇ ಊದಿಕೊಂಡ ಹಾಗೆ ಕಂಡವು.

"ಕಟ್ಟಡದವರಿಗೆಲ್ಲ ಒಂದೇ ಕಾಯಿಲೆ ಅಂದ್ರೆ..." ಕಾರ್ಯದರ್ಶಿ ಬೆರಳೆತ್ತಿದರು. "ನೀರು! ತೊಟ್ಟಿಯ ನೀರೇ ಕೆಟ್ಟಿದೆ!"

ಹಡಗಮ್ಮ ಬೇಡ ಬೇಡ ಎಂದು ಹಿಂದೆ ಓಡುವಷ್ಟರಲ್ಲಿ ಕಾರ್ಯದರ್ಶಿ ತಾರಸಿ ಹತ್ತಿ, ತೊಟ್ಟಿಯ ಅಡಿಯ ವಾಲ್ವ್ ತಿರುಗಿಸಿಯಾಗಿತ್ತು. ಎಂಟು ಮನೆಗಳ ಇಡೀ ದಿನದ ನೀರು ಭರ್ರನೆ ಬೀದಿಗೆ ಹರಿಯಿತು. ಟೈಲರ್ ಹೆಂಡತಿ ತಲೆಗೆ ಹಚ್ಚಿದ ಶ್ಯಾಂಪೂ ಹಾಗೆಯೇ ಇಟ್ಟುಕೊಂಡು ಹೊರಗೆ ಬಂದು ಚೀರತೊಡಗಿದಳು. ಹಡಗಮ್ಮನ ಎರಡೂ ಕೈಗೆ ಮೊಳಕೈ ತನಕ ಎಣ್ಣೆ. ತೊಳೆಯೋಣವೆಂದರೆ ನಲ್ಲಿ ಬುಸ್ಸೆಂದು ಗಾಳಿ ಬಿಟ್ಟು ಸುಮ್ಮನಾಯಿತು.

ಹನ್ನೊಂದೂವರೆಗೆ ಹದಿನೇಳು ಜನ, ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು, ಬೀದಿಯ ತಿರುವಿನಲ್ಲಿದ್ದ ಡಾಕ್ಟರ ಬಾಗಿಲಿಗೆ ಹೋದರು. ಪತ್ರಕ್ಕೋಸ್ಕರ ಹಡಗಮ್ಮನೂ ಹೋದಳು. ಡಾಕ್ಟರು ಆಂಟಿಯ ನಾಡಿ ನೋಡಿದರು, ಕಾಲು ಒತ್ತಿದರು, ಕೊನೆಗೆ ಪತ್ರ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿತು.

"ಯಾರಮ್ಮ ಈ ತಜ್ಞೆ?"

ಹದಿನೇಳು ಬೆರಳುಗಳು ಹಡಗಮ್ಮನ ಕಡೆ ತಿರುಗಿದವು.

"ಎಲ್ಲಿ ಓದಿದ್ದು ಡಾಕ್ಟರಿಕೆ?"

"ಓದಿಲ್ಲ ಡಾಕ್ಟ್ರೇ. ಹಡಗಲ್ಲಿ ಮಸಾಜ್ ಮಾಡೋಕೆ ಟ್ರೈನಿಂಗ್ ತಗೋತಿದೀನಿ. ಹೀಗೆ ಹೇಳಿದ್ರೇ ಬಾಟಲಿ ಮಾರಾಟ ಆಗೋದಂತೆ."

"ಬಾಟಲಿ ಮಾರೋಕೆ ಜನರ ಜೀವ ಬಾಯಿಗೆ ತರಿಸ್ತೀಯಾ? ನಾಚಿಕೆ ಆಗಲ್ವಾ? ಈ ಯಮ್ಮನಿಗೆ ರಕ್ತದೊತ್ತಡ ಬಂದಿರೋದೇ ನಿನ್ನಿಂದ! ತಗೋ ಪೆನ್ನು. ಇನ್ಮೇಲೆ ಯಾರಿಗೂ ಇಲ್ಲದ ಕಾಯಿಲೆ ಹೇಳಲ್ಲ ಅಂತ ಬರ್ದು ಸಹಿ ಹಾಕು. ಇಲ್ಲಾಂದ್ರೆ ಈಗಲೇ ಪೊಲೀಸರಿಗೆ ಫೋನ್ ಮಾಡ್ತೀನಿ."

ಹಡಗಮ್ಮ ಬರೆದಳು, ಸಹಿ ಹಾಕಿದಳು. ಬೆಳಗ್ಗಿನಿಂದ ಒಂದು ಸಹಿಗೆ ಪರದಾಡಿದವಳಿಗೆ ಸಿಕ್ಕಿದ್ದು ತನ್ನದೇ ಸಹಿ. ಸಲಹಾ ಪತ್ರವನ್ನು ಡಾಕ್ಟರು ಸಾಕ್ಷಿಗೆ ಬೇಕೆಂದು ಇಟ್ಟುಕೊಂಡರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಆಂಟಿ ಎದ್ದು ನಡೆದುಕೊಂಡೇ ಮನೆಗೆ ಹೋದರು. ಅವರಿಗೇನೂ ಆಗಿಲ್ಲವಲ್ಲ ಎಂದು ಹಡಗಮ್ಮನಿಗೆ ನಿಜವಾಗಿ ಸಮಾಧಾನವಾಯಿತು, ನಾಚಿಕೆಯೂ ಆಯಿತು. ಆದರೆ ಕಟ್ಟಡದವರು ಅವಳನ್ನು ನೋಡಿದ ನೋಟ ಮಾತ್ರ ಸಹಿಸುವಂತಿರಲಿಲ್ಲ. ಶ್ಯಾಂಪೂ ಒಣಗಿ ಕೂದಲೆಲ್ಲ ನೆಟ್ಟಗೆ ನಿಂತಿದ್ದ ಟೈಲರ್ ಹೆಂಡತಿಯಂತೂ ಹಲ್ಲು ಕಡಿದಳು.

ಮೈಕೈಯೆಲ್ಲ ಎಣ್ಣೆ, ಸ್ನಾನವಿಲ್ಲ, ಊಟವಿಲ್ಲ, ಪತ್ರವಿಲ್ಲ. ಆದರೂ ಹಡಗಮ್ಮ ಮೂರಕ್ಕೆ ಐದು ನಿಮಿಷವಿರುವಾಗ ಏದುಸಿರು ಬಿಡುತ್ತಾ ಕೇಂದ್ರದ ಮೆಟ್ಟಿಲು ಹತ್ತಿದಳು.

"ಪತ್ರ ಎಲ್ಲಿ?" ಎಂದರು ಮಾಸ್ತರರು.

"ಡಾಕ್ಟ್ರ ಹತ್ರ ಇದೆ ಸಾರ್."

ಮಾಸ್ತರರ ಕಣ್ಣರಳಿತು. "ಡಾಕ್ಟ್ರಿಗೇ ದೋಷ ಹೇಳ್ಬಿಟ್ಯಾ? ಭೇಷ್! ಕೊನೆಗೂ ಬಾಯಿ ಬಿಟ್ಯಲ್ಲಮ್ಮಾ! ಹೋಗು, ಕೊನೇ ಸರದಿ ನಿಂದೇ." ಅವಳು ಬಾಯಿ ತೆರೆಯುವುದರೊಳಗೆ ಬೆನ್ನು ತಟ್ಟಿ ಸಾಲಿಗೆ ನೂಕಿದರು.

ಪರೀಕ್ಷೆಯ ಕ್ರಮ ಹೀಗಿತ್ತು. ಮೇಡಂ ಮಂಚದ ಮೇಲೆ ಮಲಗುತ್ತಾರೆ. ಒಬ್ಬೊಬ್ಬರೂ ಹತ್ತು ನಿಮಿಷ ಬೆನ್ನು, ಭುಜ ತಿಕ್ಕಿ, ದೋಷ ಹೇಳಿ, ಬಾಟಲಿ ಮಾರಬೇಕು. ಪರದೆಯ ಆಚೆ ಕೂತ ಹಡಗಮ್ಮನಿಗೆ ಎಲ್ಲ ಕೇಳುತ್ತಿತ್ತು. ಒಬ್ಬಳು ಮೇಡಂ ಭುಜ ಕಲ್ಲಾಗಿದೆ ಎಂದಳು. ಇನ್ನೊಬ್ಬ ಕತ್ತಿನ ನರ ತಿರುಚಿಕೊಂಡಿದೆ ಎಂದ. ಮತ್ತೊಬ್ಬಳು ಮೈತುಂಬ ವಿಷ ಸೇರಿದೆ ಎಂದು ಬಿಕ್ಕಿದಳು. ಮೇಡಂ ಒಂದೊಂದಕ್ಕೂ "ಗುಡ್, ವೆರಿ ಗುಡ್" ಎಂದು ಅಂಕ ಹಾಕಿಕೊಂಡರು. ಹತ್ತು ಜನ, ಮೂವತ್ತು ದೋಷ. ಅಷ್ಟು ದೋಷ ಹೊತ್ತೂ ಆ ಹೆಂಗಸು ಗುಂಡುಕಲ್ಲಿನಂತೆ ಇದ್ದರು.

ಹಡಗಮ್ಮನ ಸರದಿ ಬಂತು. ಹೆದರಿಕೆಯೆಲ್ಲ ಕೈಗೆ ಇಳಿದಿತ್ತೋ ಏನೋ, ಆರು ತಿಂಗಳಲ್ಲಿ ಅವಳು ಅಷ್ಟು ಚೆನ್ನಾಗಿ ಮಸಾಜ್ ಮಾಡಿರಲಿಲ್ಲ. ಮೇಡಂ ಕಣ್ಣು ಮುಚ್ಚಿ "ಆಹಾ" ಎಂದರು. ಪರದೆಯ ಸಂದಿಯಿಂದ ಇಣುಕುತ್ತಿದ್ದ ಮಾಸ್ತರರು ಎರಡೂ ಹೆಬ್ಬೆರಳು ಎತ್ತಿದರು. ಕೆಲಸ ಕೈಗೆ ಬಂದ ಹಾಗೆಯೇ ಇತ್ತು, ಉಳಿದಿದ್ದು ಮೂರು ಸುಳ್ಳು ಮಾತ್ರ.

"ಸೊಗಸಾದ ಕೈ ಕಣಮ್ಮ. ಈಗ ಹೇಳು, ಏನೇನು ಕಂಡಿತು?"

ಹಡಗಮ್ಮ ಬಾಯಿ ತೆರೆದಳು. ಆಂಟಿಯ ಗಂಡ ಮೆಟ್ಟಿಲ ಮೇಲೆ ಕುಸಿದಿದ್ದು ಕಣ್ಣ ಮುಂದೆ ಬಂತು. ಬರೆದು ಕೊಟ್ಟ ಕಾಗದ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

"ಹೇಳಮ್ಮ, ಧೈರ್ಯವಾಗಿ ಹೇಳು."

"ಏನೂ ಇಲ್ಲ ಮೇಡಂ."

ಮೇಡಂ ಕಣ್ಣು ತೆರೆದರು. "ಏನಂದೆ?"

"ನಿಮಗೇನೂ ಆಗಿಲ್ಲ. ನೀವು ಚೆನ್ನಾಗಿದೀರಿ." ಹೇಳುತ್ತಾ ಹೇಳುತ್ತಾ, ಕೈಗೆ ಬಂದ ಕೆಲಸ ಹೋಯಿತಲ್ಲ ಎಂಬ ಸಂಕಟಕ್ಕೆ ಅವಳ ಕಣ್ಣಿಂದ ನೀರು ಸುರಿಯಿತು.

ಮೇಡಂ ಟವೆಲ್ ಅವಚಿಕೊಂಡು ಎದ್ದು ಕೂತರು.

"ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದೀನಿ. ಇವತ್ತಿನವರೆಗೂ ನನ್ನ ಮೈ ಮುಟ್ಟಿದವರು ಒಬ್ಬರೂ ಹೀಗೆ ಹೇಳಿಲ್ಲ! ನಿಜ ಹೇಳು. ಕೈಗೆ ಏನು ಸಿಕ್ತು?"

"ಏನೂ ಸಿಗ್ಲಿಲ್ಲ ಮೇಡಂ."

"ಮತ್ಯಾಕೆ ಅಳ್ತಿದೀಯ?"

"ಹಾಗೇ ಸುಮ್ನೆ ಮೇಡಂ."

"ಬಾಟಲಿ? ಮೂರು ಬಾಟಲಿ?"

"ನಿಮಗೆ ಬಾಟಲಿ ಬೇಡ ಮೇಡಂ. ಒಂದೂ ಬೇಡ."

ಮೇಡಂ ಮುಖ ಸುಣ್ಣದ ಗೋಡೆಯಂತಾಯಿತು. "ಅಂದ್ರೆ... ಬಾಟಲಿಯಿಂದ ವಾಸಿಯಾಗೋ ಕಾಲ ಮೀರಿದೆ ಅಂತಾನಾ?"

"ಅಲ್ಲ ಮೇಡಂ! ದೇವರಾಣೆ ನೀವು ಆರೋಗ್ಯವಾಗಿದೀರಿ!"

"ದೇವರನ್ನೂ ಕರೆದ್ಯಾ!" ಮೇಡಂ ಕಿಟಾರನೆ ಕಿರುಚಿದರು. ಮೇಲಂಗಿಯನ್ನು ಉಲ್ಟಾ ತೊಟ್ಟು, ಅಂಕಪಟ್ಟಿ ಕಂಕುಳಲ್ಲಿ ತುರುಕಿಕೊಂಡು, ಬರಿಗಾಲಲ್ಲಿ ಬಾಗಿಲಿಗೆ ಓಡಿದರು. "ಯಾವ ಆಯ್ಕೆಯೂ ಇಲ್ಲ! ಎಲ್ಲ ಮುಂದಿನ ವರ್ಷ, ನಾನು ಇದ್ರೆ! ಯಾರಾದ್ರೂ ಟ್ಯಾಕ್ಸಿ ಕರೀರಪ್ಪಾ, ದೊಡ್ಡ ಆಸ್ಪತ್ರೆಗೆ!"

ಕೆಳಗೆ ಟ್ಯಾಕ್ಸಿಯ ಬಾಗಿಲು ಬಡಿದುಕೊಂಡ ಸದ್ದು ಬಂತು. ಹತ್ತು ಜನ ಅಭ್ಯರ್ಥಿಗಳು ಹಡಗಮ್ಮನನ್ನು ತಿನ್ನುವ ಹಾಗೆ ನೋಡಿ ಹೊರಗೆ ಹೋದರು. ಮಾಸ್ತರರು ತಲೆ ಮೇಲೆ ಕೈಹೊತ್ತು ನಿಂತೇ ಇದ್ದರು.

"ಒಂದು ದೋಷ, ಒಂದೇ ಒಂದು ದೋಷ ಹೇಳಿದ್ರೆ ಸಾಕಿತ್ತಲ್ಲಮ್ಮಾ. ಆಯ್ತು, ಇನ್ನು ಮುಂದಿನ ವರ್ಷವೇ."

"ಮುಂದಿನ ವರ್ಷ ನಂಗೆ ಮೂವತ್ತು ದಾಟಿರುತ್ತೆ ಸಾರ್."

"ದಾಟಿರುತ್ತೆ. ಹಾಗಾದ್ರೆ ನಿನ್ನ ಹಡಗಿನ ಕತೆ ಮುಗೀತು ಅಂತ ಲೆಕ್ಕ."

ಹಡಗಮ್ಮ ಮಂಚದ ಅಂಚಿಗೆ ಕುಸಿದು ಕೂತಳು. ಮಾಸ್ತರರು ದೀಪ ಆರಿಸಿದರು, ಬಾಗಿಲ ತನಕ ಹೋದರು, ಅಲ್ಲೇ ನಿಂತರು. ಮತ್ತೆ ದೀಪ ಹಾಕಿದರು. ಕಾಲರ್ ಸರಿಸಿ ಅವಳ ಪಕ್ಕ ಬಂದು ಕೂತರು.

"ಹೇಗೂ ಇದೀಯಲ್ಲ... ನನ್ನ ಭುಜ ಒಂದು ಸಲ ನೋಡ್ತೀಯಾ?"

ಅವಳು ಕಣ್ಣೊರೆಸಿಕೊಂಡು ಎರಡೂ ಭುಜ ಒತ್ತಿದಳು, ಕತ್ತು ಒತ್ತಿದಳು, ಬೆನ್ನುದ್ದಕ್ಕೂ ಬೆರಳಾಡಿಸಿದಳು. ಸುಳ್ಳು ಹೇಳುವ ಹಾಗಿರಲಿಲ್ಲ.

"ಏನೂ ಇಲ್ಲ ಸಾರ್."

ಮಾಸ್ತರರು ಮೂರು ಮೂರು ಮೆಟ್ಟಿಲು ಒಟ್ಟಿಗೆ ಹಾರಿ ಬೀದಿಗೆ ಬಿದ್ದು, ಆಗಲೇ ಹೋಗಿಬಿಟ್ಟಿದ್ದ ಟ್ಯಾಕ್ಸಿಯ ಹಿಂದೆ ಓಡಿದರು. "ಮೇಡಂ! ಟ್ಯಾಕ್ಸಿ ನಿಲ್ಲಿಸಿ ಮೇಡಂ! ನಾನೂ ಬರ್ತೀನಿ!"