ಬಚ್ಚಲುಮನೆಯ ಸಂಧಾನ

“ಈ ಭೂಮಿಯ ಮೇಲೆ ನನಗೆ ಒಗ್ಗದ ಮನುಷ್ಯ ಇನ್ನೂ ಹುಟ್ಟಿಲ್ಲ!”

ಕನ್ನಡಕದಂಗಡಿಯ ಕೌಂಟರಿನ ಹಿಂದೆ ನಿಂತು ನಮ್ಮ ಮಹಾಶಯರು ಈ ಘೋಷಣೆ ಹೊರಡಿಸಿದಾಗ ಕೇಳಲು ಇದ್ದವರು ಮಾಲೀಕರೊಬ್ಬರೇ. ನಾಲ್ಕು ಜನ ಗಿರಾಕಿಗಳಿದ್ದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಮುನಿಸಿಕೊಂಡವರನ್ನು ಮಾತಿನಲ್ಲೇ ಕರಗಿಸುವುದರಲ್ಲಿ ತಮ್ಮದು ಎತ್ತಿದ ಕೈ ಎಂದು ಮಹಾಶಯರು ನಂಬಿದ್ದರು. ಹಾಗೆ ನಂಬಿದ್ದವರು ಅವರೊಬ್ಬರೇ. ಆದರೆ ಊರೆಲ್ಲ ಸೇರಿ ನಂಬಬೇಕಾದಷ್ಟನ್ನು ಅವರೊಬ್ಬರೇ ನಂಬಿದ್ದರು!

“ಬಹಳ ಸಂತೋಷ,” ಎಂದರು ಮಾಲೀಕರು. “ಹೊಸ ಶಾಖೆ ತೆರೀತಿದ್ದೀನಿ. ಅದರ ಉಸ್ತುವಾರಿ ನಿಮಗೇ ವಹಿಸೋಣ ಅಂತಿದ್ದೀನಿ.”

ಮಹಾಶಯರ ಎದೆ ಅಂಗಿಯ ಗುಂಡಿಗಳಿಗೆ ತೊಂದರೆ ಕೊಡುವಷ್ಟು ಉಬ್ಬಿತು.

“ಆದ್ರೆ ಕೆಂಡಣ್ಣ ನಿಮ್ಮ ಜೊತೆ ಬರೋಕೆ ಒಪ್ಪಬೇಕು. ಅವರು ಬರಲ್ಲ ಅಂದ್ರೆ ಶಾಖೆ ನನ್ನ ತಮ್ಮನ ಮಗನಿಗೆ ಹೋಗುತ್ತೆ.”

ಉಬ್ಬಿದ್ದ ಎದೆ ಸದ್ದಿಲ್ಲದೆ ತನ್ನ ಜಾಗಕ್ಕೆ ವಾಪಸಾಯಿತು.

ಕೆಂಡಣ್ಣ ಎಂದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಣೆ ಯಂತ್ರದ ಮುಂದೆ ಕೂತು, ಕನ್ನಡಕದ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವವರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅವರನ್ನು ಒಮ್ಮೆ ಮಾತಾಡಿಸಿದವರು ಆ ಹೆಸರು ಹುಡುಕುವ ಗೋಜಿಗೆ ಹೋಗುತ್ತಿರಲಿಲ್ಲ. “ಸ್ವಲ್ಪ ಬೇಗ ಆಗುತ್ತಾ?” ಎಂದು ಗಿರಾಕಿ ಕೇಳಿದರೆ ಸಾಕು, ಒಳಗಿನಿಂದ ಗರ್ಜನೆ: “ಅಷ್ಟು ಆತುರ ಇದ್ರೆ ಬೀದಿ ಬದೀಲಿ ಕಪ್ಪು ಕನ್ನಡಕ ಮಾರ್ತಾರೆ, ಅಲ್ಲಿ ತಗೊಳ್ಳಿ!”

ಮಹಾಶಯರು ಸಂಜೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ ಸುದ್ದಿ ಒಪ್ಪಿಸಿದರು. ಆಕೆ ಹೊಲಿಗೆ ಯಂತ್ರದ ಮುಂದೆ, ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಯಾರದೋ ರವಿಕೆಯ ತೋಳು ಸರಿಪಡಿಸುತ್ತಿದ್ದಳು. ಬಾಯಿ ತುಂಬ ಪಿನ್ನು ಇಟ್ಟುಕೊಂಡವಳು ಮಾತಾಡುವುದಾದರೂ ಹೇಗೆ? ಹಾಗಾಗಿ ಆಕೆಗೆ ಕೇಳಿಯೇ ಅಭ್ಯಾಸ.

“ಭಾನುವಾರ ಕೆಂಡಣ್ಣನನ್ನ ಊಟಕ್ಕೆ ಕರೀತೀನಿ. ಊಟ ಮುಗಿಯೋದರೊಳಗೆ ಆ ಕೆಂಡವನ್ನ ಐಸ್ ಮಾಡಿ ಕಳಿಸದಿದ್ರೆ ಕೇಳು! ಕಷ್ಟದ ಜನರ ಹತ್ತಿರ ನನ್ನದೊಂದು ವಿಧಾನ ಇದೆ. ಅವರ ಮುಂದೆ ‘ಆಗಲ್ಲ’ ಅನ್ನಬಾರದು, ‘ಬೇಡ’ ಅನ್ನಬಾರದು, ‘ಹುಷಾರು’ ಅಂತಲೂ ಅನ್ನಬಾರದು. ಬರೀ ಒಳ್ಳೇದನ್ನೇ ಹೇಳ್ತಾ ಹೋಗಬೇಕು. ನೀನೂ ಹಾಗೇ ಮಾಡು. ತಿಳೀತಾ?”

ಆಕೆ ಒಂದೊಂದಾಗಿ ಪಿನ್ನು ತೆಗೆದು ಕೇಳಿದಳು: “ಬಚ್ಚಲುಮನೆ ಚಿಲಕದ ವಿಷಯ?”

“ಅದಂತೂ ಕೂಡದು! ಮನೆಗೆ ಬಂದವರಿಗೆ ಮೊದಲೇ ಮನೆಯ ದೋಷ ಹೇಳ್ತಾರಾ?”

ಆ ಚಿಲಕದ ಬಗ್ಗೆ ಹೇಳಲೇಬೇಕು. ಒಳಗಿನಿಂದ ಹಾಕಿದರೆ ಸಲೀಸಾಗಿ ಬೀಳುತ್ತಿತ್ತು. ತೆಗೆಯಲು ಮಾತ್ರ ಬಾಗಿಲನ್ನು ಕೊಂಚ ಎತ್ತಿ, ತಮ್ಮ ಕಡೆಗೆ ಎಳೆದು, ಆಮೇಲೆ ಚಿಲಕವನ್ನು ಸರಿಸಬೇಕು. ಮನೆಯವರಿಗೆ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು. ಬಂದವರಿಗೆಲ್ಲ ಆಕೆ ಮೊದಲೇ ಎಚ್ಚರಿಕೆ ಕೊಟ್ಟು ಕಳಿಸುತ್ತಿದ್ದಳು. ಆಕೆಯ ಆ ಎಚ್ಚರಿಕೆಗೆ ಮಹಾಶಯರ ವಿಧಾನ ಈಗ ಬೀಗ ಜಡಿದಿತ್ತು.

ಊಟದ ಆಹ್ವಾನಕ್ಕೆ ಕೆಂಡಣ್ಣ ಮೊದಲು “ಬರಲ್ಲ” ಎಂದರು. ಮಹಾಶಯರು ಬೆಳಗಿನಿಂದ ಮಧ್ಯಾಹ್ನದವರೆಗೆ ಅವರ ಯಂತ್ರದ ಪಕ್ಕ ನಿಂತು ಹೊಗಳಿದ ಮೇಲೆ, “ಬರ್ತೀನಿ, ಈಗ ಇಲ್ಲಿಂದ ಹೊರಡಿ!” ಎಂದರು. ಇದು ತಮ್ಮ ಮೊದಲ ಜಯವೆಂದು ಮಹಾಶಯರು ತಾವೇ ತಮ್ಮ ಬೆನ್ನು ತಟ್ಟಿಕೊಂಡರು.

ಭಾನುವಾರ ಬಂತು. ಕೆಂಡಣ್ಣನೂ ಬಂದರು.

“ಮನೆ ಸೆಕೆ,” ಎಂದರು ಬಾಗಿಲಲ್ಲೇ.

“ಎಷ್ಟು ಸರಿಯಾಗಿ ಹೇಳಿದಿರಿ!”

“ಈ ಕುರ್ಚಿ ಅಲ್ಲಾಡುತ್ತೆ.”

“ಆಹಾ, ಎಂಥ ಸೂಕ್ಷ್ಮ ದೃಷ್ಟಿ!”

ಕೆಂಡಣ್ಣ ಮಹಾಶಯರನ್ನು ಅಡಿಯಿಂದ ಮುಡಿವರೆಗೆ ನೋಡಿ, “ಕೈ ತೊಳೀಬೇಕು,” ಎಂದರು.

“ಆ ಕಡೆ ಬಚ್ಚಲುಮನೆ,” ಎಂದಳು ಹೆಂಡತಿ. “ಹುಷಾರು, ಆ ಚಿ...”

ಮಹಾಶಯರಿಗೆ ಎಲ್ಲಿತ್ತೋ ಅಷ್ಟು ದೊಡ್ಡ ಕೆಮ್ಮು! ಆಕೆಯ ಎಚ್ಚರಿಕೆ ಆ ಕೆಮ್ಮಿನಲ್ಲಿ ಮುಳುಗಿಹೋಯಿತು. ಕೆಂಡಣ್ಣ ಒಳಗೆ ಹೋದರು. ಚಿಲಕ ಸಲೀಸಾಗಿ ಬಿತ್ತು.

ನೀರು ಬಿಟ್ಟ ಸದ್ದು ಕೇಳಿಸಿತು, ನಿಂತ ಸದ್ದು ಕೇಳಿಸಿತು. ಆಮೇಲೆ ಚಿಲಕ ಅಲ್ಲಾಡಿಸುವ ಸದ್ದು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಇಡೀ ಬಾಗಿಲೇ ದಡದಡ ಎನ್ನತೊಡಗಿತು.

“ರೀ, ಈಗಲಾದ್ರೂ ಹೇಳಿ!” ಎಂದಳು ಹೆಂಡತಿ.

ಮಹಾಶಯರು ಬಾಗಿಲ ಬಳಿ ಓಡಿದರು. ಆದರೆ ಚಿಲಕ ಕೆಟ್ಟಿದೆ ಎಂದು ಒಪ್ಪಿಕೊಂಡರೆ ವಿಧಾನಕ್ಕೆ ಭಂಗ! “ಬಹಳ ಚೆನ್ನಾಗಿ ಪ್ರಯತ್ನ ಮಾಡ್ತಿದ್ದೀರಿ!” ಎಂದು ಕೂಗಿದರು. “ನಿಮ್ಮಂಥ ಕೈಗೆ ಅದೇನು ಮಹಾ!”

“ಏನ್ರೀ ಇದು, ಬಾಗಿಲೋ, ಸೆರೆಮನೆಯೋ?” ಒಳಗಿನಿಂದ ಗರ್ಜನೆ ಬಂತು.

“ನಿಮ್ಮ ಕೋಪ ನನಗೆ ಅರ್ಥ ಆಗುತ್ತೆ! ಬಾಗಿಲನ್ನ ಹೀಗೆ ಸ್ವಲ್ಪ ಎತ್ತಿ...”

ಕೆಂಡಣ್ಣ ಒಳಗಿನಿಂದ ಎತ್ತಿ ತಮ್ಮ ಕಡೆಗೆ ಎಳೆಯುವುದಕ್ಕೂ, ಸಹಾಯ ಮಾಡುವ ಉತ್ಸಾಹದಲ್ಲಿ ಮಹಾಶಯರು ಹೊರಗಿನಿಂದ ಹೆಗಲು ಕೊಟ್ಟು ಗುದ್ದುವುದಕ್ಕೂ ಸರಿಹೋಯಿತು. ‘ಖಣ್’ ಎಂದಿತು. ಅಲ್ಲಿಯವರೆಗೆ ಮೊಂಡು ಮಾಡುತ್ತಿದ್ದ ಚಿಲಕ ಈಗ ಬಗ್ಗಿ ಕೂತು, ಅಲ್ಲಾಡುವುದನ್ನೇ ಬಿಟ್ಟಿತು.

ಮಹಾಶಯರ ಕಣ್ಣೆದುರು ಹೊಸ ಶಾಖೆಯ ಬಾಗಿಲು ಮುಚ್ಚುತ್ತಿತ್ತು, ಒಳಗೆ ಮಾಲೀಕರ ತಮ್ಮನ ಮಗ ಕುರ್ಚಿ ಎಳೆದುಕೊಂಡು ಕೂತಿದ್ದ!

“ಬಡಗೀನ ಕರೀತೀನಿ,” ಎಂದು ಫೋನ್ ತೆಗೆದರು. ಬಡಗಿಯ ಅಂಗಡಿ ಎದುರು ಬೀದಿಯಲ್ಲೇ ಇತ್ತು. ಕಿಟಕಿಯಿಂದ ನೋಡಿದರೆ ಆತ ಮರ ಹೆರೆಯುವುದು ಕಾಣಿಸುತ್ತಿತ್ತು.

“ಹಲೋ, ನಾನು ಎದುರು ಮನೆಯಿಂದ...”

“ನಾನು ಊರಲ್ಲಿಲ್ಲ,” ಎಂದು ಬಡಗಿ ಫೋನ್ ಇಟ್ಟ. ಇಟ್ಟವನು ಕಿಟಕಿಯ ಕಡೆ ಒಮ್ಮೆ ನೋಡಿ ಮತ್ತೆ ಹೆರೆಯತೊಡಗಿದ.

ಆತನದೂ ಒಂದು ಕಥೆ. ಹಿಂದೆ ಕಿಟಕಿ ರಿಪೇರಿಗೆ ಬಂದಾಗ ಮಹಾಶಯರು ಅಳತೆ ಟೇಪು ಹಿಡಿದು ಆತನ ಬೆನ್ನ ಹಿಂದೆ ನಿಂತಿದ್ದರು. ಪ್ರತಿ ಮೊಳೆಗೂ ಒಂದು ಸಲಹೆ, ಪ್ರತಿ ಸಲಹೆಗೂ ಒಂದು ಉದಾಹರಣೆ! ಆತ ಅರ್ಧದಲ್ಲೇ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಎದ್ದುಹೋಗಿದ್ದ. ಆತ ತಮ್ಮ ಮಾತಿನಿಂದ ಎಷ್ಟು ಕಲಿತನೆಂದರೆ ಹೊಟ್ಟೆ ತುಂಬಿಹೋಯಿತು ಎಂದು ಮಹಾಶಯರು ಅಂದು ವ್ಯಾಖ್ಯಾನ ಮಾಡಿದ್ದರು.

“ಹಾಗಾದ್ರೆ ಮಹಡಿಯಿಂದ ಏಣಿ ತರ್ತೀನಿ. ಬಾಗಿಲ ಮೇಲಿನ ಗವಾಕ್ಷಿಯಿಂದ ಸ್ಕ್ರೂಡ್ರೈವರ್ ಒಳಗೆ ಕೊಟ್ರೆ ಆಯ್ತು!”

ಮಹಡಿ ಮನೆಯಲ್ಲಿದ್ದವರು ನಿವೃತ್ತ ವ್ಯಾಯಾಮದ ಟೀಚರು. ಅವರ ಹೂಕುಂಡದ ನೀರು ಮಹಾಶಯರ ಬಾಲ್ಕನಿಗೆ ತೊಟ್ಟಿಕ್ಕುವ ವಿಷಯದಲ್ಲಿ ಹಿಂದೊಮ್ಮೆ ಸಂಧಾನ ನಡೆದಿತ್ತು. ಆ ಸಂಧಾನದಲ್ಲಿ ಮಹಾಶಯರು, “ನಿಮ್ಮ ಸಿಟ್ಟಿಗೆ ಕಾರಣ ನಿಮ್ಮ ಬಾಲ್ಯದಲ್ಲಿರಬೇಕು,” ಎಂದು ಮೃದುವಾಗಿ ತಿಳಿಸಿಕೊಟ್ಟಿದ್ದರು.

ಟೀಚರು ಬಾಗಿಲನ್ನು ಅರ್ಧ ತೆರೆದು ನಿಂತರು. “ಏಣಿನಾ? ಇದೆ. ಕೊಡಲ್ಲ. ಕಾರಣ ನನ್ನ ಬಾಲ್ಯದಲ್ಲಿದೆ.”

ಬಾಗಿಲು ಮುಚ್ಚಿತು.

ಮಹಾಶಯರು ಇಂಗು ತಿಂದ ಮಂಗನ ಮುಖ ಹೊತ್ತು ಕೆಳಗಿಳಿದಾಗ ಹೆಂಡತಿ ಬಚ್ಚಲುಮನೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಒಳಗೆ ಕೆಂಡಣ್ಣ ಏನೋ ಹೇಳುತ್ತಿದ್ದರು, ಈಕೆ ಹೊರಗಿನಿಂದ “ಹೂಂ... ಆಮೇಲೆ?” ಎನ್ನುತ್ತಿದ್ದಳು. ಗರ್ಜನೆ ಎಲ್ಲೋ ಮಾಯವಾಗಿತ್ತು.

“ನೀವು ಸ್ವಲ್ಪ ಸುಮ್ಮನಿರಿ,” ಎಂದು ಆಕೆ ಗಂಡನ ಕೈಯಿಂದ ಫೋನ್ ಇಸಿದುಕೊಂಡು ಬಡಗಿಗೆ ಮಾಡಿದಳು. “ಅಣ್ಣಾ, ಎದುರು ಮನೆಯಿಂದ. ಬಾಗಿಲು ಸಿಕ್ಕಿಹಾಕ್ಕೊಂಡಿದೆ, ಒಳಗೆ ದೊಡ್ಡವರೊಬ್ಬರು ಇದ್ದಾರೆ.”

“ಅಯ್ಯೋ ಅಕ್ಕಾ, ಈಗ್ಲೇ ಬಂದೆ. ಆದ್ರೆ... ಅವರು ಇದ್ದಾರಾ?”

“ಬಾಲ್ಕನಿಗೆ ಕಳಿಸ್ತೀನಿ.”

“ಬಾಗಿಲು ಹಾಕ್ತೀರಾ?”

“ಹಾಕ್ತೀನಣ್ಣಾ.”

ಹೀಗೆ, ಈ ಭೂಮಿಯ ಮೇಲಿನ ಎಲ್ಲರಿಗೂ ಬೇಕಾದ ನಮ್ಮ ಮಹಾಶಯರು ತಮ್ಮದೇ ಮನೆಯ ಬಾಲ್ಕನಿಗೆ ಗಡೀಪಾರಾದರು! ಹಿಂದಿನಿಂದ ಬಾಗಿಲು ಹಾಕಿದ ಸದ್ದಾಯಿತು. ಮೇಲಿನ ಕುಂಡದಿಂದ ಒಂದು ತಣ್ಣನೆಯ ಹನಿ ನೆತ್ತಿಯ ಮೇಲೆ ಬಿತ್ತು.

ಗಾಜಿಗೆ ಮೂಗು ಒತ್ತಿ ನೋಡಿದರು. ಊರಲ್ಲಿಲ್ಲದ ಬಡಗಿ ಬಂದ. ಹೆಂಡತಿ ಒಮ್ಮೆ ಕೇಳಿದ್ದಕ್ಕೇ, ಕೊಡಲ್ಲವೆಂದಿದ್ದ ಟೀಚರು ತಾವೇ ಏಣಿ ಹೊತ್ತು ಬಂದರು. ಬಡಗಿ ಏಣಿ ಹತ್ತಿ ಗವಾಕ್ಷಿಯಿಂದ ಸ್ಕ್ರೂಡ್ರೈವರ್ ಇಳಿಬಿಟ್ಟ. “ಮೇಲಿನದು ಮೊದಲು ಬಿಚ್ಚಿ ಅಣ್ಣಾ,” ಎಂದು ಆತ, “ಬಿಚ್ಚಿದೆ, ಮುಂದೆ?” ಎಂದು ಒಳಗಿನಿಂದ ಕೆಂಡಣ್ಣ. ಟೀಚರು ಏಣಿ ಹಿಡಿದು ನಿಂತು, “ಆತುರ ಇಲ್ಲ, ನಿಧಾನ!” ಎನ್ನುತ್ತಿದ್ದರು. ಕೊನೆಗೆ ಚಿಲಕ ಕಳಚಿ ಬಿತ್ತು, ಬಾಗಿಲು ತೆರೆಯಿತು, ಕೆಂಡಣ್ಣ ಹೊರಗೆ ಬಂದರು. ನಗುತ್ತಾ ಬಂದರು! ಅವರಿಗೆ ಹಲ್ಲುಗಳಿವೆ ಎಂಬುದೇ ಮಹಾಶಯರಿಗೆ ಅಂದು ಗೊತ್ತಾಗಿದ್ದು.

ಊಟಕ್ಕೆ ಮುಂಚೆ ಸುಧಾರಿಸಿಕೊಳ್ಳಲೆಂದು ನಾಲ್ವರೂ ಟೀ ಕುಡಿಯುತ್ತಾ ಕೂತರು. ಬಾಲ್ಕನಿ ಬಾಗಿಲು ತೆರೆಯಬೇಕೆಂಬ ನೆನಪು ಯಾರಿಗೂ ಆಗಲಿಲ್ಲ. ಮಾತು ಮಾತ್ರ ಒಂದೂ ಬಿಡದೆ ಹೊರಗೆ ಕೇಳಿಸುತ್ತಿತ್ತು.

“ಅರ್ಧ ಗಂಟೇಲಿ ಕೊಡ್ತೀನಿ ಅಂತ ಗಿರಾಕಿಗೆ ಮಾತು ಕೊಡೋರು ನಿಮ್ಮ ಯಜಮಾನರು,” ಎನ್ನುತ್ತಿದ್ದರು ಕೆಂಡಣ್ಣ. “ಉಜ್ಜೋನು ನಾನು. ಆತುರಕ್ಕೆ ಉಜ್ಜಿದ್ರೆ ಗಾಜು ಒಡೆಯುತ್ತಮ್ಮಾ. ಹಾಗಂತ ಹೇಳೋಕೆ ಹೋದ್ರೆ ‘ನಿಮ್ಮ ಕೋಪ ಅರ್ಥ ಆಗುತ್ತೆ’ ಅಂತಾರೆ. ನನ್ನ ಕೋಪ ಅರ್ಥ ಮಾಡ್ಕೊಂಡು ಏನು ಮಾಡ್ತಾರೆ? ಗಾಜು ಅರ್ಥ ಮಾಡ್ಕೊಳ್ಳಲಿ ಸಾಕು! ಇಷ್ಟು ವರ್ಷದಲ್ಲಿ ಒಂದು ಸಲಾನೂ ‘ಎಷ್ಟು ಹೊತ್ತು ಬೇಕು’ ಅಂತ ಕೇಳಿದೋರಲ್ಲ.”

ಮಹಾಶಯರ ಮುಖಕ್ಕೆ ಹೊಡೆದಂತಾಯಿತು. ಮಾತಿಗೆ ಮಾತು ಕೊಡೋಣವೆಂದು ಬಾಯಿ ತೆರೆದರು. ನಡುವೆ ಗಾಜಿನ ಬಾಗಿಲಿತ್ತು. ತೆರೆದ ಬಾಯಿ ಮುಚ್ಚಿದರು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಬೇಕಾಗಿ ಬಂದಿತ್ತು, ಮತ್ತು ಕೇಳಿದ ಮೇಲೆ ಅದು ಸರಿ ಎನಿಸುತ್ತಿತ್ತು. ನಾಚಿಕೆಯಾಯಿತು. ಅದರ ಜೊತೆಗೇ, ಆ ಕೋಣೆಯ ನಡುವೆ ಲೋಟಗಳಿಗೆ ಟೀ ಬಗ್ಗಿಸುತ್ತಾ ಕೂತ ಹೆಂಡತಿಯನ್ನು ನೋಡಿ ಇನ್ನೇನೋ ಆಯಿತು. ಆಕೆ ಯಾರನ್ನೂ ಹೊಗಳಿರಲಿಲ್ಲ, ಯಾರಿಗೂ ಬುದ್ಧಿ ಹೇಳಿರಲಿಲ್ಲ. ಆದರೂ ಮೂವರೂ ಆಕೆಯ ಕಡೆಗೇ ತಿರುಗಿ ಕೂತಿದ್ದರು. ‘ನೋಡಿ, ಅವಳು ನನ್ನ ಹೆಂಡತಿ!’ ಎಂದು ಬೀದಿಗೆ ಕೇಳುವಂತೆ ಕೂಗಬೇಕೆನಿಸಿತು. ಕೂಗಿದ್ದರೆ ಬೀದಿಯವರು ಬಾಲ್ಕನಿಯಲ್ಲಿ ಯಾಕಿದ್ದೀರಿ ಎಂದು ಕೇಳುತ್ತಿದ್ದರು.

ಟೀ ಲೋಟ ತೊಳೆಯಲು ಎದ್ದಾಗ ಆಕೆಗೆ ಗಂಡನ ನೆನಪಾಯಿತು. ನೆತ್ತಿಯಿಂದ ನೀರಿಳಿಸುತ್ತಾ ಒಳಬಂದ ಮಹಾಶಯರು ಕೆಂಡಣ್ಣನ ಮುಂದೆ ನಿಂತು, ವಿಧಾನವನ್ನೆಲ್ಲ ಬದಿಗಿಟ್ಟು ಕೇಳಿದರು: “ಒಂದು ಜೊತೆ ಗಾಜಿಗೆ ಎಷ್ಟು ಹೊತ್ತು ಬೇಕು?”

ಕೆಂಡಣ್ಣ ಅವರನ್ನೇ ದಿಟ್ಟಿಸಿ ನೋಡಿದರು. “ಅದು ಗಾಜಿನ ಮೇಲೆ ಹೋಗುತ್ತೆ. ಕೇಳಿದ್ರೆ ಹೇಳ್ತೀನಿ.” ಆಮೇಲೆ ಅಂದರು: “ಮಾಲೀಕರು ಹೇಳಿದ ಹೊಸ ಶಾಖೆಗೆ ಬರ್ತೀನಿ. ಆದ್ರೆ ಒಂದು ಷರತ್ತು. ಅಲ್ಲಿಯ ದೂರು ದುಮ್ಮಾನವೆಲ್ಲ ಈ ಅಮ್ಮನೇ ಕೇಳಬೇಕು. ನೀವಲ್ಲ.”

ಮಾಲೀಕರಿಗೆ ಈ ಷರತ್ತು ತಿಳಿಸಿದಾಗ ಅವರು ಒಂದು ಕ್ಷಣವೂ ಯೋಚಿಸದೆ ಒಪ್ಪಿದ್ದರಿಂದ ಮಹಾಶಯರಿಗೆ ಸ್ವಲ್ಪ ನೋವಾಯಿತು.

ಶಾಖೆ ತೆರೆಯಿತು. ಹೊಸ ಕುರ್ಚಿಯಲ್ಲಿ ಮಹಾಶಯರು ಉಬ್ಬಿ ಕೂತರು. ಅವರ ತಲೆಯ ಮೇಲೆಯೇ ಬೋರ್ಡು: ‘ದೂರುಗಳಿದ್ದಲ್ಲಿ ಈ ನಂಬರಿಗೆ ಫೋನ್ ಮಾಡಿ.’ ಬಂದ ಗಿರಾಕಿಗಳಿಗೆಲ್ಲ, “ಅದು ನಮ್ಮ ಮನೆಯವಳ ನಂಬರ್! ಎಂಥ ಕಷ್ಟದ ಜನರನ್ನೂ ಸಂಭಾಳಿಸ್ತಾಳೆ!” ಎಂದು ಕೇಳದಿದ್ದರೂ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಗಿರಾಕಿ ಆತುರ ಮಾಡಿದ. ಹಳೆಯ ಚಾಳಿ ಎಲ್ಲಿ ಬಿಟ್ಟೀತು? “ಅರ್ಧ ಗಂಟೇಲಿ ಕೊಡ್ತೀನಿ!” ಎಂದುಬಿಟ್ಟರು. ಒಳಗಿನಿಂದ “ಆಗಲ್ಲ!” ಎಂಬ ಗರ್ಜನೆ ಬಂತು. ಮಹಾಶಯರ ಪಿತ್ತ ನೆತ್ತಿಗೇರಿತು. ಶಾಖೆಯ ಮುಖ್ಯಸ್ಥರಿಗೇ ಎದುರು ಮಾತು! ತಲೆಯೆತ್ತಿ ಬೋರ್ಡು ನೋಡಿ ನಂಬರ್ ಒತ್ತಿದರು.

“ಹಲೋ, ನಾನು ಕಣೇ! ನನ್ನದೊಂದು ದೂರಿದೆ. ಆ ಕೆಂಡಣ್ಣ ಇದ್ದಾರಲ್ಲ...”

“ರೀ, ಸ್ವಲ್ಪ ಕಾಯಿರಿ,” ಎಂದಳು ಹೆಂಡತಿ. “ಇನ್ನೊಂದು ಲೈನಲ್ಲಿ ಅವರೇ ಇದ್ದಾರೆ. ನಿಮ್ಮ ಮೇಲಿನ ದೂರು ಇನ್ನೂ ಅರ್ಧ ಆಗಿದೆ.”