ಬೆಟ್ಟದ ತಿರುವಿನಲ್ಲಿ ತಣ್ಣಗಾದವಳು

ಬೆಳಿಗ್ಗೆ ಎಂಟಕ್ಕೆ ರೇಡಿಯೋದವರು ಒಂದು ಹಳೆಯ ರಾಕ್ ಹಾಡಿನ ಹಿಂದಿನ ಕತೆ ಹೇಳಿಸದೆ ಹೋಗಿದ್ದರೆ, ಕನ್ನಡಕದ ಅಂಗಡಿಯವನ ಆ ದಿನ ನೆಟ್ಟಗೆ ಕಳೆಯುತ್ತಿತ್ತು.

ಮೂವತ್ತೆರಡು ವರ್ಷದ ಹಿಂದೆ ಅವನು ಕನ್ನಡಕ ಮಾರುತ್ತಿರಲಿಲ್ಲ. ಭುಜದವರೆಗೆ ಕೂದಲು ಬಿಟ್ಟುಕೊಂಡು ನಾಲ್ಕು ಜನರ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಆ ಬ್ಯಾಂಡಿನ ಹಾಡುಗಳಲ್ಲಿ ಜನ ನೆನಪಿಟ್ಟುಕೊಂಡಿದ್ದು ಒಂದನ್ನೇ, 'ತಣ್ಣಗಾಗಬೇಡ ಗೆಳತಿ'. ಬರೆದವನು ಇವನು, ಹೆಸರು ಮಾಡಿದವನು ಗಾಯಕ. ಮದುವೆಯಾದ ಹೊಸದರಲ್ಲಿ ಹೆಂಡತಿ "ಯಾರ ಮೇಲೆ ಬರೆದಿದ್ದು?" ಎಂದಾಗ ಇವನು ಹಿಂದೆಮುಂದೆ ನೋಡದೆ, "ನಿನ್ನ ಮೇಲೇ. ಬಸ್ ಸ್ಟಾಪಿನಲ್ಲಿ ದೂರದಿಂದ ನೋಡಿದ್ದೆ" ಎಂದುಬಿಟ್ಟಿದ್ದ. ಆ ಸುಳ್ಳಿನ ನೆರಳಿನಲ್ಲಿ ಸಂಸಾರ ತಂಪಾಗಿ ನಡೆದಿತ್ತು.

ಈಗ ರೇಡಿಯೋದಲ್ಲಿ ಗಾಯಕ ಗದ್ಗದಿತನಾಗಿ ಹೇಳುತ್ತಿದ್ದ: "ನಮ್ಮ ಬೇಸ್ ಗಿಟಾರಿನವನು ಒಬ್ಬ ಹುಡುಗೀನ ಪ್ರಾಣಕ್ಕಿಂತ ಹೆಚ್ಚು ಪ್ರೀತಿಸ್ತಿದ್ದ. ಬೆಟ್ಟದ ರಸ್ತೇಲಿ, ಆ ಚಳೀಲಿ, ಅವಳು ಇವನ ಕೈಯಲ್ಲೇ ತಣ್ಣಗಾದಳು..."

ಹೆಂಡತಿ ಒಲೆ ಆರಿಸಿದಳು.

"ಯಾರ್ರೀ ಅವಳು?"

"ಯಾರೂ ಇಲ್ಲ ಕಣೇ!"

"ಸತ್ತವಳನ್ನ ಯಾರೂ ಇಲ್ಲ ಅಂತೀರಾ? ಬದುಕಿದ್ರೆ ಹೋಗಿ ನಾಲ್ಕು ಮಾತು ಅಂದು ಬರ್ತಿದ್ದೆ. ಸತ್ತೋಳ ಜೊತೆ ಹೇಗ್ರೀ ಜಗಳ ಆಡ್ಲಿ?"

"ಅವಳು ಹುಡುಗಿ ಅಲ್ಲ, ವ್ಯಾನು! ನಮ್ಮ ಬ್ಯಾಂಡಿನ ವ್ಯಾನು! ಹತ್ತು ಹೆಜ್ಜೆಗೊಮ್ಮೆ ಇಂಜಿನ್ ತಣ್ಣಗಾಗ್ತಿತ್ತು..."

ನಿಜ ಹೇಳಿ ಇಷ್ಟು ಪೆದ್ದನಂತೆ ಕಂಡಿದ್ದು ಅವನ ಜೀವನದಲ್ಲಿ ಅದೇ ಮೊದಲು.

ಅಷ್ಟರಲ್ಲಿ ಪಕ್ಕದ ಮನೆಯ ಟೀಚರಮ್ಮ ಬಿಳಿ ಹೂವಿನ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಇಷ್ಟು ವರ್ಷ ಒಳಗೇ ನುಂಗಿಕೊಂಡಿದ್ರಲ್ಲ! ಅಳು ಬಂದ್ರೆ ಅತ್ತುಬಿಡಿ."

"ಯಾರೂ ಸತ್ತಿಲ್ಲ ಟೀಚರಮ್ಮ."

"ಹೌದು, ನೆನಪಿಗೆ ಸಾವಿಲ್ಲ" ಎಂದು ಅವರೇ ಕಣ್ಣೊರೆಸಿಕೊಂಡರು.

ಅಂಗಡಿಗೆ ಹೋದರೆ ಅಲ್ಲಿಯೂ ಜನ. ಕನ್ನಡಕ ಕೊಳ್ಳಲು ಬಂದವರಲ್ಲ, ಅವನ ಮುಖ ನೋಡಲು ಬಂದವರು. ಒಬ್ಬ ಅಜ್ಜಿ ಕಿವಿಯ ಹತ್ತಿರ ಬಗ್ಗಿ ಕೇಳಿದಳು, "ಹೆಂಡ್ತಿಗೆ ಗೊತ್ತಾ ಮಗಾ?"

ಅವನು ಷಟರ್ ಎಳೆದು, ಬ್ಯಾಂಡಿನವರೆಲ್ಲ 'ಗುಡುಗು' ಎಂದೇ ಕರೆಯುತ್ತಿದ್ದ ಹಳೆಯ ಡ್ರಮ್ ವಾದಕನ ಹತ್ತಿರ ಓಡಿದ. ಗುಡುಗು ಈಗ ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಿದ್ದ. ಬಿಚ್ಚಿದ ಮೆಷಿನ್ ಹಾಗೇ ಬಿಟ್ಟು, ಸಾಕ್ಷಿ ಹೇಳಲು ಸ್ಕೂಟರ್ ಹತ್ತಿ ಬಂದ. ಮನೆಯಲ್ಲಿ ಟೀಚರಮ್ಮ ಇನ್ನೂ ಕುಳಿತೇ ಇದ್ದರು.

"ಅಕ್ಕಾ, ಅವಳು ಪಾಪ, ತುಂಬಾ ದುಡಿದಳು" ಎಂದು ಗುಡುಗು ಶುರುಮಾಡಿದ. "ಆದ್ರೆ ಆವತ್ತು ಬೆಟ್ಟದ ಮೇಲೆ ಅಲ್ಲಾಡಲೇ ಇಲ್ಲ. ನಾವು ನಾಲ್ಕೂ ಜನ ಸೇರಿ ತಳ್ಳಿದ್ವಿ."

"ಅಯ್ಯಯ್ಯೋ, ತಳ್ಳಿಬಿಟ್ರಾ!" ಟೀಚರಮ್ಮನ ಕೈಯಿಂದ ಲೋಟ ಜಾರಿತು. "ಪೊಲೀಸರಿಗೆ ಯಾರೂ ಹೇಳಲಿಲ್ವಾ?"

ಪ್ರೇಮಿಯಾಗಿದ್ದವನು ಮಧ್ಯಾಹ್ನದ ಹೊತ್ತಿಗೆ ಕೊಲೆಗಾರನಾಗಿದ್ದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಊರಿಗೆಲ್ಲ ಕೇಳೋ ಹಾಗೆ ರೇಡಿಯೋದಲ್ಲೇ ಹೇಳಿ. ಆಗ ನಂಬ್ತೀನಿ."

ರೇಡಿಯೋದವರಿಗೇನು, ಒಂದು ಹಾಡಿಗೆ ಎರಡು ಕತೆ ಸಿಕ್ಕಿದ ಖುಷಿ. ನಾಲ್ಕು ಗಂಟೆಗೆ ಫೋನಿನಲ್ಲೇ ನೇರಪ್ರಸಾರಕ್ಕೆ ತೆಗೆದುಕೊಂಡರು. ಕನ್ನಡಕದವನು ಬೆವರುತ್ತ ಸಾಲುಸಾಲಾಗಿ ಬಿಡಿಸಿಟ್ಟ: "'ಕಣ್ಣೊಂದು ಮಂಕಾಗಿ ದಾರಿ ಕಾಣದು' ಅಂದ್ರೆ ಎಡಗಡೆ ಹೆಡ್‌ಲೈಟು. 'ಎದೆಯ ಕಿಡಿ ಒಮ್ಮೆ ಹೊತ್ತಲಿ' ಅಂದ್ರೆ ಸ್ಪಾರ್ಕ್ ಪ್ಲಗ್ಗು. 'ನಾ ಕರೆದರೆ ನೀ ಕೈಬೀಸುವೆ' ಅಂದ್ರೆ, ಹಾರ್ನ್ ಒತ್ತಿದ್ರೆ ಅದಕ್ಕೆ ವೈಪರ್ ಅಲ್ಲಾಡ್ತಿತ್ತು. ಕೊನೆಗೆ ತಿರುವಿನಲ್ಲಿ ನಿಂತೇಬಿಡ್ತು. ಅಲ್ಲೇ ಬಿಟ್ಟು ನಡೆದು ಬಂದ್ವಿ. ಇಷ್ಟೇ ಕತೆ!"

ಹೆಂಡತಿ ನಕ್ಕೂ ನಕ್ಕೂ ಕುರ್ಚಿಗೆ ಒರಗಿದಳು. "ವ್ಯಾನಿಗೆ ಗೆಳತಿ ಅಂದ್ರಲ್ರೀ! ಆ ಬಸ್ ಸ್ಟಾಪಿನ ವಿಚಾರ ಇನ್ನೊಂದಿನ ನೋಡ್ಕೋತೀನಿ." ಟೀಚರಮ್ಮ ಮಾತ್ರ ನಿರಾಸೆಯಿಂದ ಹೂವು ಎತ್ತಿಕೊಂಡು ಹೊರಟರು. ಕನ್ನಡಕದವನ ಎದೆಯ ಮೇಲಿನ ಚಪ್ಪಡಿಕಲ್ಲು ಇಳಿದಂತಾಯಿತು.

ಫೋನ್ ಮತ್ತೆ ಬಡಿದುಕೊಂಡಿತು. ಮಾವನವರು.

"ಅಳಿಯಂದ್ರೇ, ರೇಡಿಯೋ ಕೇಳಿದೆ. ಚೆನ್ನಾಗಿ ಮಾತಾಡಿದ್ರಿ. ವ್ಯಾನು ಹಸಿರು ಬಣ್ಣ ತಾನೆ?"

"ಹೌದು ಮಾವ! ನಿಮಗೆ ಹೇಗೆ ಗೊತ್ತು?"

"ಎಲ್ಲಿ ಸಿಕ್ತು ನಿಮಗೆ?"

"ಗಾಯಕ ತಂದಿದ್ದು. ಅವನ ಚಿಕ್ಕಪ್ಪಂದು ಅಂದಿದ್ದ."

ಆ ಕಡೆ ಒಂದು ದೀರ್ಘ ಉಸಿರು ಕೇಳಿಸಿತು. "ನನಗೆ ಒಡಹುಟ್ಟಿದವರೇ ಇಲ್ವಲ್ಲಪ್ಪ. ಅವನಿಗೆ ನಾನು ಹೇಗೆ ಚಿಕ್ಕಪ್ಪ ಆದೆ?"

ಕನ್ನಡಕದವನು ಗುಡುಗುವಿನತ್ತ ತಿರುಗಿದ.

"ನಮ್ಮ ಲಾಂಡ್ರಿ ಹಿಂದೆ ನಿಲ್ಲಿಸಿದ್ದೆ, ಬೆಳಿಗ್ಗೆ ನೋಡಿದ್ರೆ ಮಾಯ. ಕೀಲಿ ಅದರಲ್ಲೇ ಮರೆತಿದ್ದೆ ಅಂದ್ರೆ ನಿಮ್ಮತ್ತೆ ಬಿಡ್ತಿದ್ಲಾ? ಗುಜರಿಗೆ ಹಾಕಿದೆ ಅಂತ ಹೇಳಿ ಮಾನ ಉಳಿಸ್ಕೊಂಡೆ. ಅದಿರ್ಲಿ. ಒಳಗೆ ಗಿರಾಕಿಗಳ ನಲವತ್ತು ಬಿಳಿ ಶರಟು ಇತ್ತಲ್ಲ, ಅವೇನಾದ್ವು?"

ಅವನ ಕಣ್ಣು ತಾನಾಗಿಯೇ ಗೋಡೆಯ ಮೇಲಿನ ಬ್ಯಾಂಡಿನ ಫೋಟೋದತ್ತ ಹೊರಳಿತು. ನಾಲ್ಕು ಯುವಕರು, ನಾಲ್ಕು ಗರಿಗರಿ ಬಿಳಿ ಶರಟು. ಒಬ್ಬನ ತೋಳು ಬೆರಳು ಮುಚ್ಚಿತ್ತು, ಇನ್ನೊಬ್ಬನಿಗೆ ಗುಂಡಿಯೇ ಕೂಡಿರಲಿಲ್ಲ. ಫೋನಿಗೆ ಕಿವಿಗೊಟ್ಟಿದ್ದ ಹೆಂಡತಿಯೂ ಅತ್ತ ನೋಡಿದಳು. ಎದ್ದುಹೋಗಿ ಫೋಟೋ ಇಳಿಸಿ, ಗಾಜು ಒರೆಸಿ, ಗಂಡನ ಕಾಲರನ್ನೇ ದಿಟ್ಟಿಸಿದಳು.

"ಈ ಕೆಂಪು ನೂಲಿನ ಗುರುತು ಅಪ್ಪನ ಲಾಂಡ್ರೀಲಿ ನಾನೇ ಹಾಕಿದ್ದು" ಎಂದಳು ಮೆಲ್ಲಗೆ. "ಶರಟು ಕಳ್ಕೊಂಡವರೆಲ್ಲ ಬಂದು ನನ್ನನ್ನೇ ಬೈದಿದ್ರು, ಗುರುತು ತಪ್ಪು ಹಾಕಿದ್ದೀಯ ಅಂತ. ಒಂದು ವಾರ ಅತ್ತಿದ್ದೆ."

ಗುಡುಗು ಸದ್ದಿಲ್ಲದೆ ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದ. ಅವಳು ಬಾಗಿಲಿಗೆ ಚಿಲಕ ಹಾಕಿ ಫೋನ್ ತೆಗೆದುಕೊಂಡಳು.

"ಅಪ್ಪಾ, ಬೇಗ ಬನ್ನಿ. ಇಬ್ಬರು ಸಿಕ್ಕಿದ್ದಾರೆ."