ಆದಾಮನ ಪರ ನಮ್ಮ ಕಾಕಾ

ಲಂಡನ್ನಿನ ಇಡೀ ಕ್ವೀನ್ಸ್‌ಬರಿಯಲ್ಲಿ ದೇವರ ತೀರ್ಪಿನ ಮೇಲೆ ಅಪೀಲು ಹೋದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ಅದೂ ತಮ್ಮ ಸಲುವಾಗಿ ಅಲ್ಲ, ಬೇಡವೆಂದ ಹಣ್ಣು ತಿಂದು ಸ್ವರ್ಗದ ತೋಟದಿಂದ ಹೊರಬಿದ್ದ ಆದಾಮನ ಸಲುವಾಗಿ. ಆದಾಮನಿಗೂ ಧಾರವಾಡದ ನಮ್ಮ ಮನೆತನಕ್ಕೂ ಎತ್ತಣ ಸಂಬಂಧ? ನಾನೂ ಕೇಳಿದ್ದೆ. "ಹೊರಗ ಹಾಕ್ಯಾರ ಪಾಪ ಅವನ್ನ. ಅವನ ಕಡಿಂದ ಕೇಳಾವ್ರು ಯಾರು?" ಎಂದರು.

ಅಪೀಲು ಎಂದರೆ ಕಾಕಾ ಅವರಿಗೆ ಊಟವಾದ ಮೇಲೆ ಎಲೆಯಡಿಕೆ ಇದ್ದ ಹಾಗೆ. ಕಸದ ಡಬ್ಬಿಯನ್ನು ಒಂದು ದಿನ ಮೊದಲೇ ಹೊರಗಿಟ್ಟಿದ್ದೀರಿ ಎಂದು ಕೌನ್ಸಿಲ್‌ನಿಂದ ಎರಡು ಸಾಲಿನ ಪತ್ರ ಬಂದರೆ ಇವರು ನಾಲ್ಕು ಪುಟದ ಉತ್ತರ ಬರೆಯುತ್ತಾರೆ. ಜಿಪಿ ಡಾಕ್ಟರು ಸಕ್ಕರೆ ಬಿಡಿ ಎಂದರೆ ಅದಕ್ಕೂ ತಕರಾರು. ಆದರೆ ಅವರದೇ ಒಂದು ತೀರ್ಪಿತ್ತು. ಅದರ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಆರು ವರ್ಷದ ಹಿಂದೆ ಅವರ ಒಬ್ಬಳೇ ಮಗಳು, ಟೂಟಿಂಗಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗ ಮೀನು ತಿನ್ನುತ್ತಾನೆ ಎಂದು ಗೊತ್ತಾದದ್ದೇ ತಡ, ಕಾಕಾ ಸಿಟ್ಟಿನಲ್ಲಿ "ಹಂಗಿದ್ರ ನೀ ಹೋಗು" ಎಂದುಬಿಟ್ಟರು. ಅವಳೂ ಅವರ ಮಗಳೇ ತಾನೆ, ಹೋದಳು.

ಈಗ ಅವಳು ಇಲ್ಫರ್ಡಿನಲ್ಲಿದ್ದಾಳೆ. ನಾಲ್ಕು ವರ್ಷದ ಮಗಳಿದ್ದಾಳೆ. ಕಾಕಾ ಆ ಮೊಮ್ಮಗಳ ಮುಖ ಕಂಡಿರಲಿಲ್ಲ. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಪ್ರತಿ ಮಂಗಳವಾರ ದೇವಸ್ಥಾನಕ್ಕೆಂದು ಹೇಳಿ ಇಲ್ಫರ್ಡಿಗೆ ಹೋಗಿಬರುತ್ತಿದ್ದರು. ಆರು ಗಂಟೆ ದೇವಸ್ಥಾನದಲ್ಲಿದ್ದವರು ಒಂದು ಚಿಟಿಕೆ ಕುಂಕುಮವನ್ನೂ ಯಾಕೆ ತರುವುದಿಲ್ಲ ಎಂದು ಕಾಕಾ ಒಮ್ಮೆಯೂ ಕೇಳಲಿಲ್ಲ. ಎಲ್ಲದಕ್ಕೂ ಸಾಕ್ಷಿ ಕೇಳುವ ಮನುಷ್ಯ!

ಆದಾಮನ ಕೇಸು ಶುರುವಾದದ್ದು ಹಿತ್ತಿಲ ಬೇಲಿಯ ಬಳಿ. ಪಕ್ಕದ ಮನೆಯಲ್ಲಿ ಯಹೂದಿ ಹಿರಿಯರೊಬ್ಬರಿದ್ದಾರೆ. ಹೀಬ್ರೂ ಕಲಿಸಿ ನಿವೃತ್ತರಾದವರು, ಆದ್ದರಿಂದ ಕಾಕಾ ಬಾಯಲ್ಲಿ 'ಮಾಸ್ತರು'. ಒಂದು ದಿನ ಕಾಕಾ ತಮ್ಮ ಗಿಡದ ಸೇಬು ಕೊಡುತ್ತಾ, ನಿಮ್ಮ ಆದಾಮನನ್ನು ಕೆಡಿಸಿದ ಹಣ್ಣು, ಹುಷಾರಾಗಿ ತಿನ್ನಿ ಎಂದು ಚೇಷ್ಟೆ ಮಾಡಿದರು. ಸೇಬು ಎಂದು ಎಲ್ಲೂ ಬರೆದಿಲ್ಲವಲ್ಲ ಎಂದರು ಮಾಸ್ತರು. ಬರೀ ತಿಳಿವಿನ ಮರದ ಹಣ್ಣು ಎಂದಿದೆಯಂತೆ. ಅವರ ಹಳೆಯ ಪಂಡಿತರಲ್ಲಿ ಒಬ್ಬರು ದ್ರಾಕ್ಷಿ ಎಂದರೆ ಇನ್ನೊಬ್ಬರು ಅಂಜೂರ ಎನ್ನುತ್ತಾರೆ, ಕೆಲವರು ಮಾದಳದ ಹಣ್ಣು ಎನ್ನುತ್ತಾರೆ, ಗೋಧಿ ಎಂದವರೂ ಇದ್ದಾರೆ.

ಕಾಕಾ ಅಲ್ಲೇ ಹಿಡಿದರು. ತಿಂದದ್ದು ಏನೆಂದೇ ಗೊತ್ತಿಲ್ಲದೆ ಶಿಕ್ಷೆ ಹೇಗೆ ಕೊಟ್ಟರು? ಕೋರ್ಟಿಗೆ ತೋರಿಸಲು ಮುದ್ದೆಮಾಲು ಎಲ್ಲಿ? ಆದರೂ ಗೋಧಿಯ ಮಾತು ಅವರಿಗೆ ಬಹಳ ಹಿಡಿಸಿತು. ಎರಡು ರಸ್ತೆ ಆಚೆ ಇರುವ ನನ್ನ ಫ್ಲ್ಯಾಟಿಗೆ ಆ ಸಂಜೆಯೇ ಬಂದು ಸಾರಿದರು: "ಜ್ವಾಳದ ರೊಟ್ಟಿ ತಿಂದಿದ್ರ ಅಂವಾ ಇವತ್ತಿಗೂ ಅಲ್ಲೇ ಇರ್ತಿದ್ದ ನೋಡು." ಗೋಧಿಯೇ ಯಾಕೆ ಎಂದು ಕೇಳಿದೆ. ಕಾಳಿನ ರುಚಿ ಕಾಣುವ ತನಕ ಮಗುವಿಗೆ ಅಪ್ಪ, ಅಮ್ಮ ಎನ್ನಲು ಬರುವುದಿಲ್ಲ, ತಿಳಿವು ಬರುವುದು ಕಾಳಿನಿಂದ, ಅದಕ್ಕೇ ಗೋಧಿ ಎಂದು ಮಾಸ್ತರು ವಿವರಿಸಿದ್ದರಂತೆ. ಅದನ್ನು ಹೇಳುವಾಗ ಕಾಕಾ ದನಿ ಸ್ವಲ್ಪ ಇಳಿಯಿತು. ಮರುಕ್ಷಣ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ನನ್ನ ಮೇಲೆ ಹರಿಹಾಯ್ದರು.

ಮುಂದಿನ ವಾರ ಮಾಸ್ತರಿಂದ ಹೊಸ ಪಾಯಿಂಟು ಸಿಕ್ಕಿತು. ದೇವರು ಹೇಳಿದ್ದು 'ತಿನ್ನಬೇಡ' ಎಂದಷ್ಟೇ. ಆಸೆ ಹುಟ್ಟಿಸಲು ಬಂದ ಹಾವಿನ ಮುಂದೆ ಹೇಳುವಾಗ ಆದಾಮನ ಹೆಂಡತಿ ಹವ್ವ 'ಮುಟ್ಟಲೂಬೇಡ' ಎಂದು ತಾನೇ ಸೇರಿಸಿದಳು. ಹಾವು ಅವಳನ್ನು ಮರಕ್ಕೆ ತಳ್ಳಿತು. ಮುಟ್ಟಿದರೂ ಏನೂ ಆಗಲಿಲ್ಲ! ಹಾಗಾದರೆ ತಿಂದರೂ ಏನೂ ಆಗದು ಎಂದು ತಿಂದೇಬಿಟ್ಟಳು. ಇಲ್ಲದ ಕಟ್ಟಳೆ ಸೇರಿಸಿದರೆ ಇದ್ದ ಕಟ್ಟಳೆಯೂ ಹಾಳು ಎಂದು ಇದರ ಅರ್ಥವಂತೆ. ಕಾಕಾ ಇದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಡಿಯಲ್ಲಿದ್ದ ಕಾಕು ಅವರಿಗೆ ಪಾಠದಂತೆ ಹೇಳಿದರು.

ಕಾಕು ಸೌಟು ಕೆಳಗಿಟ್ಟರು. "ಮೀನ ತಿನಬ್ಯಾಡ ಅಂತ ಅದ ನಮಗ. ತಿನ್ನಾವ್ನ ಮಾರೀನೂ ನೋಡಬ್ಯಾಡ ಅಂತ ಯಾರು ಸೇರಿಸಿದ್ರು?" ಎಂದು ಕೇಳಿದರು.

ಕಾಕಾ ಗಿಡಗಳಿಗೆ ನೀರು ಹಾಕಲು ಹೋದರು. ಹೊರಗೆ ಮಳೆ ಸುರಿಯುತ್ತಿತ್ತು.

ಇದಾದ ಮೇಲಿನ ಭಾನುವಾರ ಬೇಲಿಯ ಬಳಿ ನಾನೂ ಇದ್ದೆ. ಕಾಕಾ ಮಾಸ್ತರಿಗೆ ಒಂದು ಕಷ್ಟದ ಪ್ರಶ್ನೆ ಹಾಕಿದರು. ನಮ್ಮಲ್ಲಿ ಹಾಲು ತರಲು ಹೊರಟವರಿಗೂ 'ಹೋಗಿ ಬಾ' ಎನ್ನುತ್ತೇವೆ, ಬರೀ 'ಹೋಗು' ಎಂದರೆ ಋಣ ಹರಿಯಿತು ಎಂದೇ ಅರ್ಥ. ಹಾಗಾದರೆ ನಿಮ್ಮ ದೇವರು ಆದಾಮನಿಗೆ 'ಗೋ' ಎಂದನೋ, 'ಗೋ ಅಂಡ್ ಕಮ್' ಎಂದನೋ?

ನಾನು ನಗು ತಡೆದುಕೊಂಡೆ. ಮಾಸ್ತರು ನಗಲಿಲ್ಲ. ಅಲ್ಲಿ ಎರಡು ಮಾತುಗಳಿವೆ ಎಂದರು. ಮೊದಲು 'ಕಳುಹಿಸಿದ' ಎಂದಿದೆ, ಅದರ ಮುಂದಿನ ಸಾಲಿನಲ್ಲೇ 'ಅಟ್ಟಿದ' ಎಂದಿದೆ. ಬಿಟ್ಟ ಮೇಲೆ ಮತ್ತೆ ಸೇರಿಸಿಕೊಳ್ಳಲಾಗದ ಹೆಂಡತಿಯಂತೆ ಅಟ್ಟಿದ ಎನ್ನುತ್ತಾರೆ ಒಬ್ಬ ಪಂಡಿತರು, ಮತ್ತೆ ಸೇರಿಸಿಕೊಳ್ಳಬಹುದಾದವಳಂತೆ ಎನ್ನುತ್ತಾರೆ ಇನ್ನೊಬ್ಬರು. ಯಾರದು ಸರಿ ಎಂದರು ಕಾಕಾ. ಎರಡನ್ನೂ ಬರೆದಿಟ್ಟುಕೊಂಡಿದ್ದೇವೆ ಎಂದರು ಮಾಸ್ತರು. ತೋಟಕ್ಕೆ ಮರಳುವ ದಾರಿಗೆ ಉರಿಯುವ ಕತ್ತಿಯ ಕಾವಲು ಹಾಕಿದ್ದಾನಲ್ಲ ಎಂದು ಕಾಕಾ ಬಿಡದೆ ಕೇಳಿದರು.

"ಕಾವಲು ಎಂದರೆ ತಡೆಯುವುದಷ್ಟೇ ಅಲ್ಲ," ಎಂದರು ಮಾಸ್ತರು ನಿಧಾನವಾದ ಇಂಗ್ಲಿಷಿನಲ್ಲಿ, "ದಾರಿ ಹಾಳಾಗದಂತೆ ಕಾಯುವುದೂ ಕಾವಲೇ. ಹಾಗೆ ಓದುವವರೂ ನಮ್ಮಲ್ಲಿದ್ದಾರೆ. ಬರುವುದೇ ಬೇಡ ಎಂದಿದ್ದರೆ ದಾರಿಯನ್ನೇ ಅಳಿಸಬಹುದಿತ್ತಲ್ಲ?"

ಕಾಕಾ ಬೇಲಿಯ ಕಟ್ಟಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಅವತ್ತ ನಾ ಆಕಿಗೆ ಏನಂದೆ?"

"ಹೋಗು ಅಂದ್ರಿ, ಕಾಕಾ."

"ಬಾ ಅನ್ಲಿಲ್ಲೇನು?"

"ಇಲ್ಲ."

ಮರುದಿನ ಬೆಳಿಗ್ಗೆ ಫೋನು ಮಾಡಿ, ಜಿಪಿ ಕಡೆ ಹೋಗಬೇಕು, ರಜೆ ಹಾಕಿ ಬಾ ಎಂದರು. ಜಿಪಿ ಇರುವುದು ಎರಡು ನಿಮಿಷದ ದಾರಿ. ಅದನ್ನು ದಾಟಿ ಟ್ಯೂಬ್ ಸ್ಟೇಷನ್ನಿಗೆ ನಡೆದರು. ನಾನೂ ಹಿಂದೆ ಹೋದೆ. ಬಾಂಡ್ ಸ್ಟ್ರೀಟಿನಲ್ಲಿ ಇಲ್ಫರ್ಡಿನ ಕಡೆಯ ಎಲಿಜಬೆತ್ ಲೈನಿಗೆ ಬದಲಾಯಿಸಿದೆವು. ದಾರಿಯುದ್ದಕ್ಕೂ ಒಂದು ಕಾಗದ ಬಿಚ್ಚಿ ಓದಿಕೊಳ್ಳುತ್ತಿದ್ದರು. ಮಗಳಿಗೆ ಹೇಳಬೇಕಾದ ಮಾತುಗಳನ್ನು ಒಂದು, ಎರಡು, ಮೂರು ಎಂದು ನಂಬರು ಹಾಕಿ ಬರೆದುಕೊಂಡಿದ್ದರು.

ಬಾಗಿಲು ತೆರೆದದ್ದು ಮೊಮ್ಮಗಳು. "ಹೂ ಆರ್ ಯು?" ಎಂದು ಕೇಳಿತು ಮಗು. ಇಷ್ಟು ಸುಲಭದ ಪ್ರಶ್ನೆಗೆ ಕಾಕಾ ಕಾಗದ ಬಿಚ್ಚಿ ನೋಡಿದರು. ಉತ್ತರ ಯಾವ ನಂಬರಿನಲ್ಲೂ ಇರಲಿಲ್ಲ. ಹಿಂದಿನಿಂದ ಮಗಳು ಬಂದಳು, ನಿಂತಳು. ನನಗೆ ಅಲ್ಲಿಂದ ಓಡಿಹೋಗೋಣ ಎನ್ನಿಸುವಷ್ಟು ಭಯವಾಯಿತು. ಅವಳ ಕಣ್ಣು ಕಾಕಾ ಕಾಲಿನ ಕಡೆ ಹೋಯಿತು.

"ಬೂಟು ಅಲ್ಲೇ ಬಿಚ್ಚು, ಅಪ್ಪಾ. ಕಾರ್ಪೆಟ್ ಹೊಸಾದು."

ಕಾಕಾ ಬಗ್ಗಿದರು. ಎಳೆದಷ್ಟೂ ಲೇಸು ಇನ್ನಷ್ಟು ಗಂಟಾಯಿತು. ಅವಳೇ ಕೆಳಗೆ ಕುಳಿತು ಬಿಚ್ಚತೊಡಗಿದಳು. ಕಾಕಾ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ತೋಲ ತಪ್ಪಿ ಬೀಳಬಾರದು ಎಂದು ಹಿಡಿದದ್ದು ಅಷ್ಟೇ ಎಂದು ಅವರು ಇವತ್ತಿಗೂ ವಾದಿಸುತ್ತಾರೆ. ಆದರೆ ನಾನು ಅಲ್ಲೇ ಇದ್ದೆ. ಎರಡೂ ಬೂಟು ಬಿಚ್ಚಿ ಪಕ್ಕಕ್ಕಿಟ್ಟ ಮೇಲೂ ಅವರು ಕೈ ತೆಗೆಯಲಿಲ್ಲ, ಅವಳೂ ಏಳಲಿಲ್ಲ.